ಸಹಿ ಹಾಕಿದ ಮೇಲೆ



ಜೆಕ್ ಗಣರಾಜ್ಯದ ಓಸ್ಟ್ರಾವ, ಕಲ್ಲಿದ್ದಲಿಗೆ ಹೆಸರಾಗಿದ್ದ ಊರು. 1996ರಿಂದ 1999ರ ನಡುವೆ ಅಲ್ಲಿ ರೋಮಾ ಎಂಬ ಅಲ್ಪಸಂಖ್ಯಾತ ಸಮುದಾಯದ 18 ಮಕ್ಕಳನ್ನು, ಬುದ್ಧಿ ಸಾಲದೆಂದು, 'ವಿಶೇಷ ಶಾಲೆ'ಗೆ ಹಾಕಿದರು. ವಿಷಯ ಕೋರ್ಟಿಗೆ ಹೋಯಿತು; ಮಕ್ಕಳ ವಕೀಲರು ಲೆಕ್ಕ ತೆಗೆದರು. ಊರಿನ ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ರೋಮಾಗಳು ನೂರಕ್ಕೆ ಎರಡು ಚಿಲ್ಲರೆ. ವಿಶೇಷ ಶಾಲೆಗಳಲ್ಲಿ ಮಾತ್ರ ಅರ್ಧಕ್ಕಿಂತ ಹೆಚ್ಚು! ದಡ್ಡತನ ಹೀಗೆ ಒಂದೇ ಕೇರಿ ಹುಡುಕಿಕೊಂಡು ಹೋಗುತ್ತದೆಯೇ? ಮಕ್ಕಳನ್ನು ಅಳೆದ ಪರೀಕ್ಷೆಗಳು ಬಹುಸಂಖ್ಯಾತರ ಮಕ್ಕಳ ಅಳತೆಗೆ ಹೊಲಿದವು.

ಸರ್ಕಾರದ ಉತ್ತರ ಸಿದ್ಧವಿತ್ತು: ತಂದೆತಾಯಿ ಸಹಿ ಹಾಕಿದ್ದಾರಲ್ಲ! ಹಾಕಿದ್ದರು, ನಿಜ. ಕೆಲವರು ಮೊದಲೇ ತುಂಬಿಟ್ಟ ಫಾರಂ ಮೇಲೆ. ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದಗಳ ಕಥೆ ನಮಗೇನು ಹೊಸದೇ?

ಸ್ಟ್ರಾಸ್‌ಬರ್ಗ್‌ನ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಮಕ್ಕಳು ಮೊದಲು ಸೋತರು. 2007ರ ನವೆಂಬರ್ 13ರಂದು ಅಲ್ಲಿನ ದೊಡ್ಡ ಪೀಠದಲ್ಲಿ ಗೆದ್ದರು. ಪರ 13 ನ್ಯಾಯಮೂರ್ತಿಗಳು, ವಿರುದ್ಧ 4. ಎಲ್ಲ ತಿಳಿದೇ ತಂದೆತಾಯಿ ಒಪ್ಪಿದರೆಂದು ಪೀಠಕ್ಕೆ ನಂಬಿಕೆ ಬರಲಿಲ್ಲ. ತಿಳಿದು ಒಪ್ಪಿದ್ದರೂ, ಭೇದಭಾವಕ್ಕೆ ಒಳಗಾಗದಿರುವ ಹಕ್ಕನ್ನು ಯಾರೂ ಸಹಿ ಹಾಕಿ ಬಿಟ್ಟುಕೊಡಲಾಗದು ಎಂದಿತು.

ತಲಾ 4,000 ಯೂರೋ ಪರಿಹಾರ. ಅಷ್ಟರಲ್ಲಿ ಅವರಿಗೆಲ್ಲ ಒಂದನೇ ಕ್ಲಾಸಿನ ಬೆಂಚು ಚಿಕ್ಕದಾಗಿತ್ತು.