ಊಟದ ಮಾತಿನಿಂದ ಜಪಾನಿ ಪಾಠ



ಉರ್ದು ಮತ್ತು ಕನ್ನಡ ಕಲಿಸುವ ನಾನು ಈಚೆಗೆ ಜಪಾನಿ ಭಾಷೆಯ ಮೊದಲ ಪಾಠಕ್ಕೆ ವಿದ್ಯಾರ್ಥಿಯಾಗಿ ಕುಳಿತೆ. ಬಾಯಿ ತೆರೆಯಲು ನಾಚಿಕೆಯಾಯಿತು. ಕನ್ನಡ ತರಗತಿಯಲ್ಲಿ ತಲೆ ತಗ್ಗಿಸಿ ಕೂರುವ, ಉರ್ದು ಮನೆಮಾತಿನ ನನ್ನ ಮಕ್ಕಳ ಸಂಕಟ ಅಂದು ಅರ್ಥವಾಯಿತು. ಆ ನಾಚಿಕೆ ಬಿಡಿಸಿದ್ದು ಊಟದ ಮಾತು.

ಜಪಾನಿಯಲ್ಲಿ ಅಕ್ಕಿಗೆ 'ಕೊಮೆ', ಅನ್ನಕ್ಕೆ 'ಗೊಹನ್'. ಇಂಗ್ಲಿಷಿನಲ್ಲಿ ಎರಡೂ 'ರೈಸ್'. ಕನ್ನಡ ಬಲ್ಲವರಿಗೆ ಈ ಭೇದ ಹೊಸದಲ್ಲ. ಗೊಹನ್ ಎಂದರೆ ಊಟವೂ ಹೌದು. ನಮ್ಮ ದಖನಿ ಮನೆಗಳಲ್ಲಿ 'ಖಾನಾ' ಎಂದರೆ ಊಟವೂ ಹೌದು, ಅನ್ನವೂ ಹೌದಲ್ಲವೇ?

'ಗೊಹನ್ ಒ ತಬೆಮಸ್' ಎಂದರೆ 'ಅನ್ನವನ್ನು ತಿನ್ನುತ್ತೇನೆ'. ಇಲ್ಲಿ 'ಒ' ನಮ್ಮ 'ಅನ್ನು' ಪ್ರತ್ಯಯದ ಕೆಲಸ ಮಾಡುತ್ತದೆ. ಕ್ರಿಯಾಪದ ಕನ್ನಡದಂತೆ, ಉರ್ದುವಿನಂತೆ ಕೊನೆಗೇ ಬರುತ್ತದೆ. 'ತಬೆಮಸೆನ್' ಎಂದರೆ 'ತಿನ್ನುವುದಿಲ್ಲ'. ಕೊನೆಗೆ 'ಕ' ಸೇರಿಸಿ 'ತಬೆಮಸ್ ಕ' ಎಂದರೆ 'ತಿನ್ನುತ್ತೀರಾ?' ಒಂದೇ ತಟ್ಟೆಯ ಮುಂದೆ ಮೂರು ವ್ಯಾಕರಣ ಪಾಠ ಮುಗಿಯಿತು!

ಇದು ಬರಿಯ ಆಟವಲ್ಲ. ಓದಿಗೋ ಉದ್ಯೋಗಕ್ಕೋ ಜಪಾನಿಗೆ ಹೋದವರಿಗೆ ಮೊದಲ ದಿನವೇ ಊಟದ ಪ್ರಶ್ನೆ ಎದುರಾಗುತ್ತದೆ. 'ಬುತನಿಕು ವ ಹೈತ್ತೆ ಇಮಸ್ ಕ' ಎಂದರೆ 'ಹಂದಿಮಾಂಸ ಸೇರಿದೆಯೇ?' ಅಡುಗೆಗೆ ಬಳಸುವ 'ಮಿರಿನ್' ಎಂಬ ಸಿಹಿರಸದಲ್ಲಿ ಸಾಮಾನ್ಯವಾಗಿ ಮದ್ಯಾಂಶವಿರುತ್ತದೆ. ಮಾಂಸವೇ ಕಾಣದ ಮಿಸೊ ಸಾರಿನಲ್ಲೂ ಒಣಮೀನಿನಿಂದ ತೆಗೆದ 'ದಶಿ' ಇರಬಹುದು. ಶಾಕಾಹಾರಿ ಗೆಳೆಯರು ಕೇಳಿ ತಿಳಿಯಬೇಕು. ಕೇಳಲು ಬಾರದಿದ್ದರೆ ಹಸಿದಿರಬೇಕು, ಇಲ್ಲವೇ ಅನುಮಾನದಿಂದ ತಿನ್ನಬೇಕು.

ಈ ಅನುಭವದ ನಂತರ ನಾನು ಕನ್ನಡ ತರಗತಿಯಲ್ಲಿ ಪುಸ್ತಕ ಮುಚ್ಚಿ, "ಬೆಳಿಗ್ಗೆ ಏನು ತಿಂದಿರಿ?" ಎಂದು ಕೇಳಿದೆ. ಎರಡು ತಿಂಗಳಿಂದ ಮೌನವಾಗಿದ್ದ ಹುಡುಗಿ ಎದ್ದು ನಿಂತು, "ಟೀಚರ್, ರೊಟ್ಟಿ ತಿಂದೆ. ಸಾಲನ್ ಖಾರ ಇತ್ತು" ಎಂದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಅಂದಿನಿಂದ ಅವಳು ಮಾತು ನಿಲ್ಲಿಸಿಲ್ಲ.

ವಿದ್ಯಾರ್ಥಿಗಳೇ, ಜಪಾನಿಯಾಗಲಿ, ಕನ್ನಡವಾಗಲಿ, ಊಟಕ್ಕೆ ಕುಳಿತಾಗ ದಿನಕ್ಕೊಂದು ವಾಕ್ಯ ಹೇಳಿ. ತಪ್ಪಾದರೆ ತಿದ್ದಿಕೊಳ್ಳಿ, ನಿಲ್ಲಿಸಬೇಡಿ. ಜಪಾನಿನವರು ಊಟಕ್ಕೆ ಮೊದಲು 'ಇತದಕಿಮಸ್' ಎನ್ನುತ್ತಾರೆ. ವಿನಯದಿಂದ ಸ್ವೀಕರಿಸುತ್ತೇನೆ ಎಂದು ಅದರ ಅರ್ಥ. ಹೊಸ ಭಾಷೆಯನ್ನೂ ನಾವು ಹಾಗೆಯೇ ಸ್ವೀಕರಿಸೋಣ.