ಕರುಣೆಯ ಅಭ್ಯಾಸ



ಕರುಣೆಯು ಹುಟ್ಟುಗುಣವೆಂದೂ, ಉಳ್ಳವರಿಗೆ ಉಂಟು, ಇಲ್ಲದವರಿಗೆ ಇಲ್ಲವೆಂದೂ ಲೋಕವು ಸಾಮಾನ್ಯವಾಗಿ ಭಾವಿಸುವುದು. ತಿಬ್ಬತ್ತಿನ ಬೌದ್ಧಾಚಾರ್ಯರು ಇದನ್ನು ಒಪ್ಪಲಿಲ್ಲ. ಮಲ್ಲನು ಗರಡಿಯಲ್ಲಿ ಮೈಯನ್ನು ಹುರಿಗೊಳಿಸುವಂತೆ ಮನಸ್ಸನ್ನು ದಿನದಿನವೂ ಕರುಣೆಯಲ್ಲಿ ಪಳಗಿಸಬೇಕೆಂಬುದು ಅವರ ಮತ. ಈ ಸಾಧನೆಗೆ ಅವರ ಭಾಷೆಯಲ್ಲಿ ಲೋಜೊಂಗ್, ಅಂದರೆ ಮನಶ್ಶಿಕ್ಷಣ, ಎಂದು ಹೆಸರು.

ಇದನ್ನು ಆ ನಾಡಿಗೆ ಒಯ್ದವರು ವಂಗದೇಶದ ಅತೀಶ ದೀಪಂಕರರು (982-1054). ಸುವರ್ಣದ್ವೀಪಕ್ಕೆ, ಎಂದರೆ ಈಗಿನ ಸುಮಾತ್ರಕ್ಕೆ, ಕಡಲನ್ನು ದಾಟಿ ಹೋಗಿ, ಗುರು ಧರ್ಮಕೀರ್ತಿಗಳಲ್ಲಿ 12 ವರ್ಷ ಕಲಿತರೆಂದು ಐತಿಹ್ಯ. 1042ರಲ್ಲಿ ತಿಬ್ಬತ್ತನ್ನು ಸೇರಿದಾಗ ಅವರ ಸಂಗಡ ಮಹಾ ಸಿಡುಕನಾದ ಪರಿಚಾರಕನೊಬ್ಬನಿದ್ದನಂತೆ. ಇವನನ್ನೇಕೆ ಇರಿಸಿಕೊಂಡಿದ್ದೀರೆಂದು ಕೇಳಿದವರಿಗೆ, ತಮಗೆ ತಾಳ್ಮೆಯ ಪಾಠ ಹೇಳುವವನು ಅವನೇ ಎಂದರಂತೆ. ಕಥೆಯು ನಗೆ ತರಿಸುವುದು ದಿಟ. ಅಂಥವನೊಡನೆ ಒಂದೇ ಮನೆಯಲ್ಲಿ ಬಾಳಿದವರಿಗೆ ಮಾತ್ರ ಅದರ ಭಾರ ತಿಳಿಯುವುದು.

ಮುಂದಿನ ತಲೆಗಳಲ್ಲಿ ಚೆಕಾವಾ ಎಂಬ ಆಚಾರ್ಯರು (1101-1175) ಲಾಂಗ್ರಿ ಟಾಂಗ್ಪಾ ಅವರ ಎಂಟು ಪದ್ಯಗಳಲ್ಲಿ ಒಂದು ಮಾತನ್ನು ಕಂಡು ಬೆರಗಾದರು: ಲಾಭವೂ ಜಯವೂ ಪರರಿಗಿರಲಿ, ನಷ್ಟವೂ ಸೋಲೂ ತನಗಿರಲಿ ಎಂಬುದು ಅದರ ಭಾವ. ಅರಸಿ ಹೋಗುವಷ್ಟರಲ್ಲಿ ಪದ್ಯಕರ್ತರು ಕಾಲವಾಗಿದ್ದರು. ಆಗ ಶರಾವಾ ಎಂಬ ಗುರುಗಳನ್ನು ಕಂಡು, ಇದು ಬರಿಯ ಸುಂದರ ಭಾವವೋ, ನಡೆಯತಕ್ಕ ದಾರಿಯೋ ಎಂದು ಕೇಳಿದರು. ಇದಿಲ್ಲದೆ ಬುದ್ಧತ್ವವೇ ಇಲ್ಲವೆಂದು ಗುರುಗಳು ಉತ್ತರಿಸಿದರು. ಚೆಕಾವಾ ಅವರು ಅಲ್ಲಿಯೇ ಬಹು ವರ್ಷ ನಿಂತರು.

ಅಭ್ಯಾಸದ ಕ್ರಮವು ಉಸಿರಿನ ಮೇಲೆ ನಿಂತಿದೆ. ಒಳಗೆಳೆಯುವ ಉಸಿರಿನಲ್ಲಿ ಅನ್ಯರ ದುಃಖವನ್ನು ತೆಗೆದುಕೊಳ್ಳುವುದು, ಬಿಡುವ ಉಸಿರಿನಲ್ಲಿ ತನ್ನ ಸುಖವನ್ನು ಕೊಡುವುದು. ವಿಶೇಷವೇನೆಂದರೆ, ಮೊದಲು ತೆಗೆದುಕೊಳ್ಳಬೇಕಾದುದು ತನ್ನದೇ ನಾಳಿನ ದುಃಖವನ್ನು. ತನ್ನ ನೋವಿಗೇ ಬೆನ್ನು ತೋರಿಸುವವನು ಹಗೆಯ ನೋವಿಗೆ ಎದೆಯೊಡ್ಡುವುದು ಹೇಗೆ? ತನ್ನಿಂದ ಬಂಧುವಿಗೆ, ಬಂಧುವಿನಿಂದ ಅಪರಿಚಿತನಿಗೆ, ಕಡೆಗೆ ವೈರಿಗೆ ಈ ಅಭ್ಯಾಸವು ಸಾಗುವುದು.

ಈ ಬೋಧೆಯು ಬಹುಕಾಲ ಗುಟ್ಟಾಗಿಯೇ ಇದ್ದಿತು. ಚೆಕಾವಾ ಅವರು ಕುಷ್ಠರೋಗಿಗಳಿಗೆ ಇದನ್ನು ಹೇಳಿಕೊಟ್ಟರು. ಧರ್ಮವೆಂದರೆ ಮೂಗು ಮುರಿಯುತ್ತಿದ್ದ ಅವರ ಸೋದರನು ಬಾಗಿಲ ಮರೆಯಲ್ಲಿ ನಿಂತು ಕದ್ದು ಕೇಳತೊಡಗಿದನಂತೆ. ಬರಬರುತ್ತ ಅವನ ನಡೆನುಡಿಗಳು ಮೃದುವಾದುವು. ಇಂಥವನಿಗೇ ಫಲಿಸಿದ ಮೇಲೆ ಮುಚ್ಚಿಡುವುದೇಕೆಂದು ಅವರು ಎಲ್ಲವನ್ನೂ ಏಳು ಅಂಗಗಳಾಗಿ ಅಳವಡಿಸಿ ಬಹಿರಂಗವಾಗಿ ಬೋಧಿಸಿದರು. 1960ರ ಬಳಿಕ ಮೈಸೂರು ಸೀಮೆಯ ಬೈಲಕುಪ್ಪೆಯಲ್ಲಿ ನೆಲಸಿದ ತಿಬ್ಬತ್ತಿಗರೂ ಈ ಪರಂಪರೆಯನ್ನು ತಮ್ಮೊಡನೆ ತಂದಿರುವರು.

ಮರಣಕಾಲದಲ್ಲಿ ಚೆಕಾವಾ ಅವರು ಖಿನ್ನರಾಗಿದ್ದರೆಂದು ಹೇಳುವರು. ಶಿಷ್ಯರು ಕಾರಣವನ್ನು ಕೇಳಿದರು. ನರಕದಲ್ಲಿ ಬೇಯುವ ಜೀವಿಗಳ ನಡುವೆ ಹುಟ್ಟಿ ಅವರಿಗೆ ನೆರವಾಗಬೇಕೆಂದು ತಾವು ಬೇಡುತ್ತ ಬಂದಿದ್ದರೂ, ಈಗ ಕಣ್ಣಮುಂದೆ ತೋರುತ್ತಿರುವುದು ಪುಣ್ಯಲೋಕವೇ ಎಂದು ಆ ಗುರುಗಳು ನಿಟ್ಟುಸಿರಿಟ್ಟರಂತೆ.