ಜೋಳಿಗೆ ಈಗ ನಿಮ್ಮ ಹೆಗಲಿಗೆ

ಗಾಂಜಾವನ್ನು ಕಾನೂನುಬದ್ಧ ಮಾಡಬೇಕೇ, ಬೇಡವೇ ಎಂದು ಕಾಲೇಜುಗಳಲ್ಲಿ ನೀವು ವಾದಿಸುತ್ತೀರಿ. ಗಟ್ಟಿಯಾಗಿಯೇ ವಾದಿಸಿರಿ. ಕೆನಡಾ 2018ರಲ್ಲಿ ಮಾರಾಟಕ್ಕೇ ಬಿಟ್ಟಿತಲ್ಲ ಎಂದು ಒಬ್ಬರು, ಇಲ್ಲಿ ಬಿಟ್ಟರೆ ಊರು ಉಳಿದೀತೇ ಎಂದು ಇನ್ನೊಬ್ಬರು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ತಮ್ಮಂದಿರೇ, ತಂಗಿಯರೇ, ಇದಕ್ಕೆ ಸಾಕ್ಷಿ ಹುಡುಕಲು ಕೆನಡಾದವರೆಗೆ ಹೋಗಬೇಕಿಲ್ಲ. ಮದ್ಯದ ವಿಷಯದಲ್ಲಿ ಎರಡೂ ದಾರಿಗಳನ್ನು ನಮ್ಮ ಹಳ್ಳಿಗಳೇ ತುಳಿದು ನೋಡಿವೆ.

2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅಂಗಡಿ ಮುಚ್ಚಿತು, ಕುಡಿತ ನಿಲ್ಲಲಿಲ್ಲ. ಸಾರಾಯಿ ಪಾಕೀಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕ್ ಬಂತು. ಬಾರ್ ಇಲ್ಲದ ಊರುಗಳಲ್ಲೂ ಕಿರಾಣಿ ಅಂಗಡಿ, ಚಹಾದಂಗಡಿಗಳ ಮರೆಯಲ್ಲಿ ಅದು ಸಿಗತೊಡಗಿತು. ನಿಷೇಧವೊಂದೇ ಸಾಲದು ಎಂಬುದನ್ನು ಹೀಗೆ ಕಂಡೆವು. ಆದರೆ ಆ ವಿಸ್ಕಿ ಸರಕಾರದ ಪರವಾನಗಿಯಲ್ಲೇ ತಯಾರಾದದ್ದು, ತೆರಿಗೆ ಕಟ್ಟಿದ್ದು! ಪರವಾನಗಿ ಕೊಟ್ಟರೆ ಎಲ್ಲ ಹತೋಟಿಗೆ ಬರುತ್ತದೆ ಎನ್ನುವವರು ಇದಕ್ಕೂ ಉತ್ತರ ಹೇಳಬೇಕು. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಹೋಗಿ ಕೇಳಿದ್ದು ಸಂಪೂರ್ಣ ಮದ್ಯನಿಷೇಧವನ್ನು. ಅವರ ಮನೆ ಮುರಿದದ್ದು ಕದ್ದು ಮಾರಿದ ಮದ್ಯದಿಂದಷ್ಟೇ ಅಲ್ಲ.

ಆದ್ದರಿಂದ ಗಾಂಜಾ ಅಂಗಡಿ ತೆರೆಯಲು ನನ್ನ ಒಪ್ಪಿಗೆ ಇಲ್ಲ. ಚಟಕ್ಕೆ ಬಿದ್ದ ಹುಡುಗನನ್ನು ಜೈಲಿಗೆ ಅಟ್ಟಲೂ ಇಲ್ಲ. ಹತ್ತಿ, ಗೋವಿನಜೋಳದ ಸಾಲುಗಳ ನಡುವೆ ಗಿಡ ಬೆಳೆದು ದುಡ್ಡು ಎಣಿಸುವವನನ್ನೂ ಅದನ್ನು ಸೇದಿ ಹಾಳಾಗುವವನನ್ನೂ ಒಂದೇ ಹಗ್ಗದಲ್ಲಿ ಕಟ್ಟಬಾರದು. ಪೋರ್ಚುಗಲ್ 2001ರಲ್ಲಿ ಮಾಡಿದ್ದು ಇದನ್ನೇ. ಮಾರುವುದು ಅಲ್ಲಿ ಇಂದಿಗೂ ಅಪರಾಧ. ಸೇವಿಸಿ ಸಿಕ್ಕವನು ಮಾತ್ರ ಕೋರ್ಟಿನ ಬದಲು ಅವನ ಕಷ್ಟ ಕೇಳುವ ಸಮಿತಿಯ ಮುಂದೆ ಹೋಗುತ್ತಾನೆ. ಅಮೆರಿಕದ ಒರೆಗಾನ್ 2020ರಲ್ಲಿ ಜನಮತ ಪಡೆದು, ಅಲ್ಪ ಪ್ರಮಾಣದ ಮಾದಕವಸ್ತು ಇಟ್ಟುಕೊಂಡವರಿಗಿದ್ದ ಜೈಲು ಶಿಕ್ಷೆ ತೆಗೆಯಿತು. ಚಿಕಿತ್ಸೆಯ ವ್ಯವಸ್ಥೆ ಹಿಂದೆ ಬಿತ್ತು. 2024ರಲ್ಲಿ ಶಿಕ್ಷೆ ಮರಳಿ ಬಂತು.

ನಮ್ಮ ಕಾಯ್ದೆಯಲ್ಲೂ ಒಂದು ಬಾಗಿಲು ತೆರೆದಿದೆ. ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಓದಿರಿ. ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ, ತಾನಾಗಿಯೇ ಸರಕಾರಿ ಇಲ್ಲವೇ ಮಾನ್ಯತೆ ಪಡೆದ ಆಸ್ಪತ್ರೆ ಸೇರಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯದು. ನಡುವೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಮರ್ಯಾದೆ ಹೋಯಿತೆಂದು ಮಗನನ್ನು ಬಚ್ಚಿಡುವ ಅವ್ವ-ಅಪ್ಪನಿಗೆ ಇದನ್ನು ಯಾರು ಹೇಳಬೇಕು? ನೀವೇ ಹೇಳಬೇಕು.

ಪಕ್ಕದ ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಾಕಿಕೊಂಡು ಊರೂರು ತಿರುಗಿದರು. ಕಾಳು-ಕಡಿ ಬೇಡಲಿಲ್ಲ, ನಿಮ್ಮ ಚಟಗಳನ್ನು ಇದರಲ್ಲಿ ಹಾಕಿರಿ ಎಂದು ಬೇಡಿದರು. ಬೈಯಲಿಲ್ಲ, ಮನೆ ಬಾಗಿಲಿಗೇ ಹೋಗಿ ನಿಂತರು! ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದ ವ್ಯಸನಮುಕ್ತ ದಿನ. 2018ರಲ್ಲಿ ಅವರು ಲಿಂಗೈಕ್ಯರಾದರು. ಆ ಜೋಳಿಗೆಗೆ ಹೆಗಲು ಬೇಕಾಗಿದೆ.

ನಮ್ಮಿಂದ ಏನಾದೀತು ಎನ್ನಬೇಡಿರಿ. ದೇಶದ ಮೊದಲ ಕೃಷಿ ಸಹಕಾರ ಸಂಘವನ್ನು 1905ರಲ್ಲಿ ಕಟ್ಟಿದ್ದು ಗದಗಿನ ಪಕ್ಕದ ಕಣಗಿನಹಾಳದ ಜನ. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ರೈತರು ತೋಂಟದ ಸಿದ್ಧಲಿಂಗ ಶ್ರೀಗಳೊಂದಿಗೆ ನಿಂತು 2011ರಲ್ಲಿ ಪೋಸ್ಕೋ ಕಂಪನಿಯ ಉಕ್ಕಿನ ಕಾರ್ಖಾನೆಯನ್ನೇ ಹಿಂದಕ್ಕೆ ಕಳಿಸಿದರು. ನಿಮ್ಮ ಓಣಿಯಲ್ಲಿ ಪುಡಿಕೆ ಮಾರುವವನು ಅದಕ್ಕಿಂತ ದೊಡ್ಡವನೇ?

ಹತ್ತು ಜನ ಸೇರಿರಿ. ಮಾರುವವನ ಎದುರು ಒಬ್ಬೊಬ್ಬರೇ ಹೋಗಬೇಡಿರಿ, ಮಾದಕವಸ್ತು ತಡೆಯ ಸಹಾಯವಾಣಿ 1933ಕ್ಕೆ ತಿಳಿಸಿರಿ. ಚಟಕ್ಕೆ ಬಿದ್ದ ಗೆಳೆಯನಿಗಾಗಿ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನು ಮಾಡಿರಿ. ಗದಗಿನ ಜಿಮ್ಸ್ ಆಸ್ಪತ್ರೆಗೋ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಗೋ ಅವನ ಜೊತೆ ನೀವೂ ಬಸ್ಸು ಹತ್ತಿರಿ. ಮೊದಲ ಸಲ ಕರೆದಾಗ ಅವನು ಬರಲಿಕ್ಕಿಲ್ಲ, ಮತ್ತೆ ಕರೆಯಿರಿ. ಬಿಟ್ಟವನು ಮತ್ತೆ ಜಾರಿದರೆ ಮತ್ತೆ ಕರೆದುಕೊಂಡು ಹೋಗಿರಿ.